ಒಪ್ಪಿಗೆಯೂ ಒಲ್ಲೆನೆಂಬ ನುಡಿಯೂ

ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಮುಗಿದೊಡನೆ ಹಿರಿಯರೊಬ್ಬರು ಒಳಮನೆಯತ್ತ ತಿರುಗಿ, “ಏನವ್ವ, ಒಪ್ಪಿಗೆ ತಾನೆ?” ಎಂದು ಕೇಳುವುದುಂಟು. ಹುಡುಗಿ ತಲೆ ತಗ್ಗಿಸುತ್ತಾಳೆ. ಮೌನವೇ ಸಮ್ಮತಿಯೆಂದು ಬಗೆದು ತಾಂಬೂಲದ ತಟ್ಟೆ ಹೊರಬರುತ್ತದೆ. ಕೇಳಿದವರಲ್ಲಿ ಕಪಟವಿಲ್ಲ, ಆದರೆ ಆ ಪ್ರಶ್ನೆಯಲ್ಲಿ ‘ಒಲ್ಲೆ’ ಎಂಬ ಉತ್ತರಕ್ಕೆ ಎಡೆಯೇ ಇಲ್ಲ. ಇದೇ ಹಿರಿಯರು ಮುಡುಕುತೊರೆಯ ಜಾತ್ರೆಯಲ್ಲಿ ಎತ್ತಿನ ಜೋಡಿಯ ಹಲ್ಲು ನೋಡಿ, ನಡೆಸಿ ನೋಡಿ, ಮನಸ್ಸಿಗೆ ಬಾರದಿದ್ದರೆ ಸಂಕೋಚವಿಲ್ಲದೆ ಬೇಡವೆಂದು ಹಿಂದಿರುಗುವವರು. ದನದ ವ್ಯಾಪಾರದಲ್ಲಿರುವ ಈ ಸ್ವಾತಂತ್ರ್ಯವು ಮಗಳ ಬಾಳಿನ ವಿಷಯದಲ್ಲಿ ಇಲ್ಲದಿರುವುದು ವಿಚಾರಾರ್ಹವಾಗಿದೆ.

ಆ ಮುಡುಕುತೊರೆಯ ಬೆಟ್ಟದ ಮೇಲೆ ನೆಲೆಸಿರುವವನು ಮಲ್ಲಿಕಾರ್ಜುನ. ಶ್ರೀಶೈಲದಲ್ಲಿರುವ ಅದೇ ಹೆಸರಿನ ದೇವನನ್ನು ಪತಿಯೆಂದು ವರಿಸಿದ ಮಹಾದೇವಿಯಕ್ಕನ ಚರಿತೆಯಲ್ಲಿ ಸಮ್ಮತಿಯ ಪ್ರಶ್ನೆಯು ಬಹು ತೀಕ್ಷ್ಣವಾಗಿ ಎದ್ದು ನಿಲ್ಲುತ್ತದೆ. ಹರಿಹರನ ರಗಳೆಯಂತೆ, ಉಡುತಡಿಯ ಅರಸ ಕೌಶಿಕನು ಅವಳನ್ನು ಬಯಸಿದಾಗ ತಂದೆತಾಯಿಗಳು ಭಯದಿಂದ ಕಂಗೆಟ್ಟರು. ಅವರ ಸಂಕಟವನ್ನು ಕಂಡು ಅವಳು ಒಪ್ಪಿದಳು. ಚಾಮರಸನು ಮಾತ್ರ ಈ ಮದುವೆಯನ್ನು ಒಪ್ಪುವುದಿಲ್ಲ. ಕವಿಗಳ ಆ ಭೇದವು ಇಲ್ಲಿ ಮುಖ್ಯವಲ್ಲ. ಗಮನಿಸತಕ್ಕದ್ದು ಅವಳು ಒಪ್ಪಿದ ಬಗೆ. ಶಿವಪೂಜೆಗೆ, ಗುರುಸೇವೆಗೆ, ಮಾಹೇಶ್ವರರ ಸಂಗಕ್ಕೆ ತನ್ನ ಇಚ್ಛೆಯಂತೆ ನಡೆಯುವ ಹಕ್ಕನ್ನು ಕರಾರಾಗಿ ಕೇಳಿ ಪಡೆದಳು. ಕೌಶಿಕನು ಮಾತಿಗೆ ತಪ್ಪಿದನು. ಒಮ್ಮೆ ತಪ್ಪಿದೊಡನೆ ಅವಳು ಎದ್ದುಹೋಗಲಿಲ್ಲ. ತಪ್ಪು ಮರುಕಳಿಸಿ ಕರಾರು ಪೂರ್ಣವಾಗಿ ಮುರಿದ ಮೇಲೆ ಅರಮನೆಯನ್ನು ತೊರೆದಳು.

ಅಂಜಿಕೆಯ ನಡುವೆ ಹುಟ್ಟಿದ ಆ ‘ಹೂಂ’ ಪೂರ್ಣ ಸಮ್ಮತಿಯಾಗಿರಲಿಲ್ಲ. ಒಲ್ಲೆನೆಂಬ ನುಡಿಯನ್ನು ಅವಳು ಕರಾರಿನೊಳಗೆ ಜೀವಂತವಾಗಿ ಇರಿಸಿಕೊಂಡಿದ್ದಳು. ರಾಣಿಯಾದ ಮಾತ್ರಕ್ಕೆ ಅದು ಅಳಿಯಲಿಲ್ಲ. ಶರಣರು ನುಡಿಯೂ ನಡೆಯೂ ಒಂದಾಗಿರಬೇಕೆಂದರು. ಮನಸ್ಸು ಬೇಡವೆನ್ನುವಾಗ ನಾಲಗೆಯಿಂದ ಬಲವಂತವಾಗಿ ‘ಆಗಲಿ’ ಎನ್ನಿಸುವವನು ಆ ಐಕ್ಯವನ್ನು ಇನ್ನೊಬ್ಬರಲ್ಲಿ ಮುರಿಯುತ್ತಾನೆ. ಸುಳ್ಳು ನುಡಿದ ದೋಷ ಆಗ ಯಾರದು?

ಲೌಕಿಕ ನ್ಯಾಯವೂ ಇದನ್ನು ಬಲ್ಲದು. 1872ರ ಕರಾರು ಕಾಯಿದೆಯು ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆಗಳಿಂದ ಪಡೆದ ಒಪ್ಪಿಗೆಯನ್ನು ಸ್ವತಂತ್ರ ಸಮ್ಮತಿಯೆಂದು ಎಣಿಸುವುದಿಲ್ಲ. ಬಲದಿಂದ ಅಥವಾ ವಂಚನೆಯಿಂದ ಒಪ್ಪಿಗೆ ಪಡೆದು ನಡೆಸಿದ ವಿವಾಹವನ್ನು ರದ್ದುಗೊಳಿಸಲು 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಅವಕಾಶವಿದೆ.

ಆದರೆ ಬೆದರಿಕೆಗಿಂತ ದಾಕ್ಷಿಣ್ಯವು ಸೂಕ್ಷ್ಮವಾದುದು. ನ್ಯಾಯಾಲಯದ ಕಣ್ಣಿಗೆ ಅದು ಸುಲಭವಾಗಿ ಬೀಳುವುದಿಲ್ಲ. ಅಪ್ಪನ ಮುಖ ಬಾಡೀತು, ಬಂದವರು ನೊಂದಾರು ಎಂಬ ಅಳುಕೇ ಗಂಟಲನ್ನು ಕಟ್ಟುತ್ತದೆ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಪ್ರಯೋಗ ನಡೆಸಿದನು. ಗೆರೆಗಳ ಉದ್ದವನ್ನು ಹೋಲಿಸುವುದಷ್ಟೇ ಕೆಲಸ. ಜೊತೆಯವರೆಲ್ಲ ಮೊದಲೇ ಹೇಳಿಕೊಟ್ಟಂತೆ ಒಂದೇ ದನಿಯಲ್ಲಿ ತಪ್ಪು ಹೇಳಿದಾಗ, ಪರೀಕ್ಷೆಗೆ ಒಳಗಾದವರ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಆ ತಪ್ಪನ್ನೇ ಅನುಸರಿಸಿದವು. ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದುದನ್ನು ಹೇಳಿದರೂ ಈ ತಲೆಬಾಗುವಿಕೆ ಬಹುವಾಗಿ ಕುಗ್ಗಿತು. ಗೆರೆಯ ಉದ್ದದ ಮಾತಿನಲ್ಲಿಯೇ ಹೀಗಾದರೆ, ಬಂಧುಗಳು ಕಿಕ್ಕಿರಿದ ನಡುಮನೆಯಲ್ಲಿ ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಏನು ತಾನೇ ನುಡಿದಾಳು?

ಆದಕಾರಣ ತಾಂಬೂಲ ಬದಲಾಯಿಸುವ ದಿನ ಎಲ್ಲರೆದುರು ಕೇಳುವ ಪದ್ಧತಿಗಿಂತ, ಅದಕ್ಕೆ ಮೊದಲೇ ಅಜ್ಜಿಯೋ ಸೋದರತ್ತೆಯೋ ಅವಳೊಡನೆ ಏಕಾಂತದಲ್ಲಿ ಮಾತನಾಡುವುದು ಲೇಸು. “ಒಪ್ಪಿಗೆ ತಾನೆ?” ಎನ್ನದೆ, “ನಿನ್ನ ಮನಸ್ಸಿನಲ್ಲಿ ಏನಿದೆ, ಮಗಳೆ? ಬೇಡವೆಂದರೆ ನಿಮ್ಮಪ್ಪನಿಗೆ ನಾನು ಹೇಳುತ್ತೇನೆ” ಎಂದು ಕೇಳಬೇಕು. ಉತ್ತರಕ್ಕೆ ನಾಲ್ಕು ದಿನ ಬಿಡಬೇಕು. ಹುಡುಗನನ್ನೂ ಹೀಗೆಯೇ ಕೇಳುವುದು ಅವಶ್ಯ. ತಾಯಿಯ ಮಾತಿಗೆ ತಲೆಯಾಡಿಸಿ ಅನಂತರ ಹೆಂಡತಿಯ ಮೇಲೆ ಮುನಿಯುವ ಗಂಡುಮಕ್ಕಳೂ ಕಡಿಮೆಯಿಲ್ಲ.