ನೊಗದ ಮೇಲಣ ಭಾರ

ಎರಡು ಗಾಲಿಯ ಎತ್ತಿನ ಗಾಡಿಗೆ ಮೂಟೆಗಳನ್ನು ಹೇರಿದ ಅನುಭವಿ ರೈತನು ಎತ್ತುಗಳನ್ನು ಹೂಡುವ ಮೊದಲು ನೊಗವನ್ನು ಕೈಯಿಂದ ಎತ್ತಿ ನೋಡುವುದುಂಟು. ನೊಗವು ನೆಲಕ್ಕೆ ಅಂಟಿಕೊಂಡಂತೆ ಭಾರವಾಗಿದ್ದರೆ ಗಾಡಿ ಮುಂಭಾರವಾಯಿತೆಂದೂ, ತಾನಾಗಿಯೇ ಮೇಲೇಳುವಂತಿದ್ದರೆ ಹಿಂಭಾರವಾಯಿತೆಂದೂ ಅರಿತು ಒಂದೆರಡು ಮೂಟೆಗಳನ್ನು ಅತ್ತಿತ್ತ ಸರಿಸುತ್ತಾನೆ. ಮುಂಭಾರವಾದರೆ ಎತ್ತಿನ ಹೆಗಲು ನೊಂದು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗವು ಮೇಲಕ್ಕೇರಿ ಕೊರಳಪಟ್ಟಿಯು ಗಂಟಲನ್ನು ಒತ್ತುತ್ತದೆ. ಗಾಡಿ ಹೊಡೆಯುವವನು ಏರಿನಲ್ಲಿ ಮೂಕಿಯ ಕಡೆಗೆ ಸರಿದು ಕೂರುವುದೂ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವುದೂ ಇದೇ ಲೆಕ್ಕದ ಮುಂದುವರಿಕೆ. ಏರಿನಲ್ಲಿ ಗಾಡಿ ಹಿಂದಕ್ಕೆ ವಾಲುವುದರಿಂದ ಹೊರೆಯ ತೂಕವು ಅಚ್ಚಿನ ಹಿಂಬದಿಗೆ ಜರುಗಿ ನೊಗವು ಹಗುರವಾಗುತ್ತದೆ. ಇಳಿತದಲ್ಲಿ ಅದೇ ತೂಕವು ಮುಂದಕ್ಕೆ ಬಂದು ಎತ್ತಿನ ಹೆಗಲನ್ನು ಅದುಮುತ್ತದೆ. ಹೊರೆಯು ಎಷ್ಟು ಎತ್ತರವಾಗಿದ್ದರೆ ಈ ಜರುಗಾಟವೂ ಅಷ್ಟೇ ಹೆಚ್ಚು. ಸನ್ನೆಯ ತತ್ತ್ವವನ್ನು ಪುಸ್ತಕದಲ್ಲಿ ಓದದೆಯೇ ರೈತನು ಅದನ್ನು ದಿನನಿತ್ಯ ಬಳಸುತ್ತ ಬಂದಿದ್ದಾನೆ.

ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿತು; ಗಾಡಿಯ ಸ್ಥಾನಕ್ಕೆ ಟ್ರೇಲರು ಬಂದಿತು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಮೊದಲಾದ ಸೀಮೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಬಂದಿತೆಂದರೆ ರಸ್ತೆಗಳ ತುಂಬ ಇವುಗಳದೇ ಸಾಲು. ಆದರೆ ಎತ್ತಿನೊಡನೆ ಬಂದಿದ್ದ ಲೆಕ್ಕವು ಟ್ರ್ಯಾಕ್ಟರಿನೊಡನೆ ಮನೆಗೆ ಬಂದಂತೆ ತೋರುವುದಿಲ್ಲ. ಇದಕ್ಕೆ ಒಂದು ಕಾರಣವುಂಟು. ಹೊರೆ ತಪ್ಪಿದ್ದರೆ ಎತ್ತು ಹೆಜ್ಜೆ ಇಡದೆ ನಿಂತು, ಕತ್ತು ಕೊಡವಿ, ಹುಣ್ಣು ತೋರಿಸಿ ಒಡೆಯನಿಗೆ ತಿಳಿಸುತ್ತದೆ. ಯಂತ್ರಕ್ಕೆ ಬಾಯಿಲ್ಲ. ಅದು ತಪ್ಪು ಹೊರೆಯನ್ನೂ ಹತ್ತು ಹರದಾರಿ ಮೌನವಾಗಿ ಎಳೆದು, ಹನ್ನೊಂದನೆಯ ಹರದಾರಿಯ ತಿರುವಿನಲ್ಲಿ ಮಗುಚುತ್ತದೆ.

ಎಳೆಬಂಡಿಯ ಭಾರವನ್ನು ಕುರಿತು ಹೆಚ್ಚು ಶಾಸ್ತ್ರೀಯವಾಗಿ ಚಿಂತಿಸಿದವರು ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೊರಡುವ ಪಾಶ್ಚಾತ್ಯರು. ಆ ಗಾಲಿಮನೆಗೆ ಅವರು 'ಕ್ಯಾರವಾನ್' ಎನ್ನುತ್ತಾರೆ. ಇದು ಪಾರಸಿ ಮೂಲದ ಮಾತು. ಒಂಟೆಗಳ ಮೇಲೆ ಸರಕು ಹೇರಿಕೊಂಡು ಮರಳುಗಾಡು ದಾಟುವ ವ್ಯಾಪಾರಿಗಳ ಗುಂಪು ಎಂಬುದು ಮೊದಲಿನ ಅರ್ಥ. ನಮ್ಮ ಹಳೆಯ ಕಾವ್ಯಗಳ 'ಸಾರ್ಥ'ವೂ ಅದೇ. ಗುಂಪಿನ ಹೆಸರು ಒಂಟಿ ಪೆಟ್ಟಿಗೆಗೆ ಅಂಟಿಕೊಂಡದ್ದು ಭಾಷೆಯ ವಿನೋದಗಳಲ್ಲೊಂದು. ಬಂಡಿಯ ಮುಂತುದಿಯು ಎಳೆಯುವ ವಾಹನದ ಕೊಂಡಿಯ ಮೇಲೆ ಊರುವ ತೂಕವನ್ನು ಇಂಗ್ಲೆಂಡಿನವರು 'ಮೂಗಿನ ಭಾರ'ವೆಂದೂ ಅಮೆರಿಕದವರು 'ನಾಲಗೆಯ ಭಾರ'ವೆಂದೂ ಕರೆಯುತ್ತಾರೆ. ಕನ್ನಡಿಗನಿಗೆ 'ನೊಗದ ಭಾರ'ವೆಂದರೆ ಸಾಕು, ವಿಷಯ ಅರ್ಧ ತಿಳಿದಂತೆಯೇ.

ಈ ನೊಗದ ಭಾರವು ಎಷ್ಟಿರಬೇಕು? ಬ್ರಿಟನ್ನಿನಲ್ಲಿ ಕ್ಯಾರವಾನಿನ ಒಟ್ಟು ತೂಕದ ಶೇಕಡ 5ರಿಂದ 7ರಷ್ಟು ಎಂಬ ಸಲಹೆಯು ರೂಢಿಯಲ್ಲಿದೆ. ಅಮೆರಿಕದಲ್ಲಿ ಶೇಕಡ 10ರಿಂದ 15. ಅಲ್ಲಿಯ ವಾಹನಗಳೂ ಕೊಂಡಿಗಳೂ ಅದನ್ನು ತಾಳುವಂತೆ ರಚಿತವಾಗಿರುತ್ತವೆ. ಎಲ್ಲಿಯೇ ಆಗಲಿ ಕೊಂಡಿಯ ಮೇಲೆ ತಯಾರಕರು ನಮೂದಿಸಿದ ಮಿತಿಯನ್ನು ಮೀರತಕ್ಕದ್ದಲ್ಲ. 1200 ಕಿಲೋ ತೂಕದ ಒಂದು ಕ್ಯಾರವಾನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬ್ರಿಟನ್ನಿನ ಲೆಕ್ಕದಂತೆ ಕೊಂಡಿಯ ಮೇಲೆ 60ರಿಂದ 84 ಕಿಲೋ ಇರಬೇಕು. ಅಚ್ಚಿನಿಂದ ಕೊಂಡಿಗೆ 4 ಮೀಟರು ಅಂತರವಿದೆಯೆನ್ನೋಣ. ಅಚ್ಚಿನ ಹಿಂದೆ 2 ಮೀಟರು ದೂರದಲ್ಲಿ 20 ಕಿಲೋ ತೂಕದ ನೀರಿನ ಕ್ಯಾನೊಂದನ್ನು ಇಟ್ಟರೆ ಅದು ಮುಂತುದಿಯನ್ನು 10 ಕಿಲೋದಷ್ಟು ಮೇಲಕ್ಕೆತ್ತುತ್ತದೆ. ಅದನ್ನೇ ಅಚ್ಚಿನ ಮುಂದೆ 2 ಮೀಟರಿಗೆ ತಂದಿಟ್ಟರೆ 10 ಕಿಲೋ ಕೆಳಕ್ಕೆ ಒತ್ತುತ್ತದೆ. ಒಂದು ಕ್ಯಾನಿನ ಸ್ಥಾನಪಲ್ಲಟದಿಂದ 20 ಕಿಲೋ ವ್ಯತ್ಯಾಸ! ಒಟ್ಟು ತೂಕದಲ್ಲಿ ಅದು ಅರವತ್ತರಲ್ಲೊಂದು ಪಾಲಾದರೂ ಕೊಂಡಿಯ ಭಾರದಲ್ಲಿ ಸುಮಾರು ಕಾಲುಪಾಲು ಅಥವಾ ಅದಕ್ಕೂ ಮಿಗಿಲು. ಎಷ್ಟು ಹೇರಿದೆ ಎಂಬುದರಂತೆಯೇ ಎಲ್ಲಿ ಹೇರಿದೆ ಎಂಬುದನ್ನೂ ಕೇಳಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಹಿಂಭಾರದ ಬಂಡಿಯು ವೇಗದಲ್ಲಿ ಮಾಡುವ ಅನಾಹುತವು ಎತ್ತಿನ ಗಾಡಿಯ ಕಾಲದಲ್ಲಿ ಕಾಣದೆ ಇದ್ದುದು. ಪಕ್ಕದಿಂದ ಗಾಳಿ ಬೀಸಿದಾಗ ಅಥವಾ ದೊಡ್ಡ ಲಾರಿಯೊಂದು ಹಾದುಹೋದಾಗ ಬಂಡಿಯ ಬಾಲವು ಕೊಂಚ ಅಲುಗುತ್ತದೆ. ಹೊರೆಯು ಅಚ್ಚಿನ ಮುಂದೆ ಸ್ವಲ್ಪ ಹೆಚ್ಚಿದ್ದಲ್ಲಿ, ವೇಗವೂ ಮಿತವಾಗಿದ್ದಲ್ಲಿ, ಈ ಓಲಾಟವು ಎರಡು ಮೂರು ಸಲಕ್ಕೆ ಅಡಗುತ್ತದೆ. ವೇಗವು ಒಂದು ಎಲ್ಲೆಯನ್ನು ದಾಟಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ, ಹಾವು ಹರಿದಂತೆ ಬಂಡಿ ಹೊಯ್ದಾಡಿ, ಕೊನೆಗೆ ಎಳೆಯುವ ವಾಹನವನ್ನೇ ರಸ್ತೆಯಿಂದ ಎಳೆದೊಯ್ಯುತ್ತದೆ. ಹಿಂಭಾರವು ಆ ಎಲ್ಲೆಯನ್ನು ಕೆಳಕ್ಕಿಳಿಸುತ್ತದೆ. ನಿಧಾನದ ವೇಗದಲ್ಲಿಯೇ ಹೊಯ್ದಾಟಕ್ಕೆ ಎಡೆಗೊಡುತ್ತದೆ. ಎರಡು ತುದಿಗಳಲ್ಲಿ ಭಾರವಿಟ್ಟು ನಡುವೆ ಖಾಲಿ ಬಿಟ್ಟ ಬಂಡಿಯೂ, ನೊಗದ ಭಾರ ಸರಿಯಾಗಿದ್ದಾಗ್ಯೂ, ಅಪಾಯಕರವೇ. ಉದ್ದನೆಯ ಕೋಲಿನ ಎರಡೂ ತುದಿಗೆ ಕಲ್ಲು ಕಟ್ಟಿ ನಡುವೆ ಹಿಡಿದು ತಿರುಗಿಸಿ ನೋಡಿದ ವಿದ್ಯಾರ್ಥಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ: ತಿರುಗಲು ಹತ್ತಿದ ಕೋಲನ್ನು ನಿಲ್ಲಿಸುವುದು ಕಷ್ಟ. ಅದೇ ಕಲ್ಲುಗಳನ್ನು ನಡುವಿಗೆ ತಂದು ಕಟ್ಟಿದರೆ ಕೋಲು ಮಾತು ಕೇಳುತ್ತದೆ. ಆದುದರಿಂದ ಭಾರವಾದ ವಸ್ತುಗಳು ಅಚ್ಚಿನ ನೇರಕ್ಕೆ, ತುಸು ಮುಂದಾಗಿ, ತಳಕ್ಕೆ ಹತ್ತಿದಂತೆ ಇರತಕ್ಕದ್ದು. ಹೊಯ್ದಾಟ ಆರಂಭವಾಗಿಬಿಟ್ಟರೆ ಬ್ರೇಕನ್ನು ಹಠಾತ್ತನೆ ಒತ್ತುವುದಾಗಲಿ, ವೇಗ ಹೆಚ್ಚಿಸಿ ಪಾರಾಗಲು ನೋಡುವುದಾಗಲಿ ತಕ್ಕುದಲ್ಲ. ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವಾಹನವು ತಾನಾಗಿ ನಿಧಾನಗೊಳ್ಳಲು ಬಿಡಬೇಕು. ಬ್ರಿಟನ್ನಿನ ಮೋಟಾರುಮಾರ್ಗಗಳಲ್ಲಿ ಬಂಡಿ ಎಳೆಯುವ ಕಾರುಗಳಿಗೆ ಗಂಟೆಗೆ 60 ಮೈಲಿಯ, ಅಂದರೆ ಸುಮಾರು 96 ಕಿಲೋಮೀಟರಿನ, ಮಿತಿಯಿದೆ. ಬಂಡಿಯಿಲ್ಲದ ಕಾರುಗಳಿಗೆ 70 ಮೈಲಿ.

ಟ್ರ್ಯಾಕ್ಟರಿನ ವಿಷಯದಲ್ಲಿ ಮುಂಭಾರವೂ ಅಷ್ಟೇ ಘಾತುಕ. ಕೊಂಡಿಯು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಹಿಂದೆ ಇರುವುದರಿಂದ, ಅದರ ಮೇಲೆ ಬಿದ್ದ ಭಾರವು ಮುಂಗಾಲಿಗಳನ್ನು ಹಗುರಗೊಳಿಸುತ್ತದೆ. ನೆಲವನ್ನು ಬಲವಾಗಿ ಊರದ ಮುಂಗಾಲಿಯು ಸ್ಟೀರಿಂಗಿಗೆ ಮಣಿಯುವುದಿಲ್ಲ. ಏರಿನಲ್ಲಿ ಮುಂಗಾಲಿಗಳನ್ನು ಅಂತರಿಕ್ಷಕ್ಕೆತ್ತಿ ಕಬ್ಬಿನ ಹೊರೆ ಎಳೆಯುವುದನ್ನು ಶೌರ್ಯವೆಂದು ಕೊಂಡಾಡಿ ಚಪ್ಪಾಳೆ ತಟ್ಟುವವರಿದ್ದಾರೆ. ಹಾಗೆ ಎತ್ತಿದ ಟ್ರ್ಯಾಕ್ಟರು ಚಾಲಕನ ಮೇಲೆಯೇ ಹಿಮ್ಮಗುಚಲು ಬೇಕಾದ ಹೊತ್ತು ಅವನು ಕ್ಲಚ್ಚನ್ನು ಒತ್ತುವುದಕ್ಕೂ ಸಾಲದು. ಕೊಂಡಿಯನ್ನು ಹಿಂದಿನ ಅಚ್ಚಿನ ಮಟ್ಟಕ್ಕಿಂತ ಮೇಲೆ ಎಲ್ಲಿಯಾದರೂ ಸಿಕ್ಕಿಸಿ ಎಳೆಯುವ ಅಭ್ಯಾಸವಂತೂ ಸರ್ವಥಾ ವರ್ಜ್ಯ. ಎಳೆತವು ಕೆಳಮಟ್ಟದಿಂದಲೇ ಆಗಬೇಕು. ಮುಂಗಡೆ ಕಟ್ಟುವ ಎರಕದ ತೂಕಗಳನ್ನು ತಯಾರಕರು ಒದಗಿಸುವುದು ಈ ಕಾರಣಕ್ಕಾಗಿ, ಅಲಂಕಾರಕ್ಕಾಗಿ ಅಲ್ಲ.

ನಾಲ್ಕು ಗಾಲಿಯ ಟ್ರೇಲರಿನಲ್ಲಿ ಹೊರೆಯನ್ನು ಎರಡು ಅಚ್ಚುಗಳೇ ಹೊರುವುದರಿಂದ ಕೊಂಡಿಯ ಮೇಲೆ ಹೆಚ್ಚು ಭಾರ ಬೀಳದು. ಅಲ್ಲಿ ಭಯವಿರುವುದು ಎತ್ತರದಲ್ಲಿ, ಬ್ರೇಕಿನಲ್ಲಿ. ಗಾಲಿಗಳ ನಡುವಣ ಅಗಲವು 1.5 ಮೀಟರು, ಹೊರೆಸಹಿತ ಬಂಡಿಯ ಗುರುತ್ವಕೇಂದ್ರವು ನೆಲದಿಂದ 1.5 ಮೀಟರು ಎತ್ತರದಲ್ಲಿದ್ದರೆ, ಸುಮಾರು 26 ಡಿಗ್ರಿ ಪಕ್ಕಕ್ಕೆ ವಾಲಿದಾಗ ಬಂಡಿ ಉರುಳುತ್ತದೆ. ಕಬ್ಬಿನ ಜಲ್ಲೆಗಳನ್ನು ಮೇಲೆ ಮೇಲೆ ಒಟ್ಟಿ ಗುರುತ್ವಕೇಂದ್ರವನ್ನು 2 ಮೀಟರಿಗೆ ಏರಿಸಿದರೆ 20 ಡಿಗ್ರಿಗೇ ಉರುಳುತ್ತದೆ. ಇದು ನಿಂತ ಬಂಡಿಯ ಲೆಕ್ಕ. ಓಡುವ ಬಂಡಿಗೆ ತಿರುವಿನ ಹೊರದೂಡಿಕೆಯೂ, ರಸ್ತೆಯ ಅಂಚಿನ ಇಳಿಕೆಯೂ, ಹೊರೆಯ ಜಾರಾಟವೂ ಕೂಡಿಕೊಳ್ಳುತ್ತವೆ. ಎರಡು ಟ್ರೇಲರುಗಳನ್ನು ಒಂದರ ಹಿಂದೊಂದು ಕಟ್ಟಿದಲ್ಲಿ ಮುಂದಿನದರ ಸಣ್ಣ ಓಲಾಟವು ಹಿಂದಿನದರಲ್ಲಿ ದೊಡ್ಡದಾಗುತ್ತದೆ. ಇಳಿಜಾರಿನಲ್ಲಿ ಹೊರೆಯು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುವುದರಿಂದ ಇಳಿಯುವ ಮೊದಲೇ ಕೆಳಗೇರಿಗೆ ಹಾಕಿಕೊಳ್ಳಬೇಕು. ಡೀಸಲು ಉಳಿಸುವ ಆಸೆಯಿಂದ ನ್ಯೂಟ್ರಲ್ಲಿನಲ್ಲಿ ಬಿಡುವುದು ಅತ್ಯಂತ ದುಬಾರಿಯ ಉಳಿತಾಯ. ಹೊಲದಲ್ಲಿ ಬಿಡಿಯಾಗಿ ಬಳಸುವ ಎಡಬಲದ ಎರಡು ಬ್ರೇಕುಗಳನ್ನು ರಸ್ತೆಗೆ ಬರುವಾಗ ಜೋಡಿಸಿ ಬೀಗಿಸಿರಬೇಕು. ಒಂದೇ ಬದಿಯ ಬ್ರೇಕು ಹಿಡಿದರೆ ಟ್ರ್ಯಾಕ್ಟರು ಗಿರ್ರನೆ ತಿರುಗುತ್ತದೆ.

ನೊಗದ ಭಾರವನ್ನು ಅಳೆಯುವುದು ಕಷ್ಟವಲ್ಲ. ಸಣ್ಣ ಬಂಡಿಯಾದರೆ ಸಮನೆಲದ ಮೇಲೆ ನಿಲ್ಲಿಸಿ, ಆಳು ನಿಂತು ತೂಗುವ ಯಂತ್ರವನ್ನು ಮುಂತುದಿಯ ಕೆಳಗಿಟ್ಟು, ಕೊಂಡಿಗೆ ಸಿಕ್ಕಿಸಿದಾಗ ಇರುವಷ್ಟೇ ಎತ್ತರಕ್ಕೆ ಒಂದು ಮರದ ತುಂಡನ್ನು ಆನಿಸಿದರಾಯಿತು. ದೊಡ್ಡ ಟ್ರೇಲರಿಗೆ ಕಾರ್ಖಾನೆಯ ತೂಕದ ಕಾಟಾ ಉಂಟು. ಬಿಚ್ಚಿದ ಟ್ರೇಲರನ್ನು ಪೂರ್ತಿಯಾಗಿ ಒಮ್ಮೆ ತೂಗಿ, ಬಳಿಕ ಟ್ರ್ಯಾಕ್ಟರಿಗೆ ಕಟ್ಟಿ ಟ್ರೇಲರಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಿದರೆ, ಎರಡರ ವ್ಯತ್ಯಾಸವೇ ನೊಗದ ಭಾರ. ಸನ್ನೆಯ ಪಾಠಕ್ಕೆ ಕತ್ತರಿಯನ್ನೂ ಹಾರೆಯನ್ನೂ ಉದಾಹರಿಸುವ ವಿಜ್ಞಾನದ ಉಪಾಧ್ಯಾಯರು ಟ್ರ್ಯಾಕ್ಟರಿರುವ ಮನೆಗಳಿಂದ ಬಂದ ಮಕ್ಕಳಿಗೆ ಇದನ್ನೂ ಲೆಕ್ಕವಾಗಿ ಕೊಡಬಹುದು. ಅಂಥ ಮಕ್ಕಳಲ್ಲಿ ಕೆಲವರು ಮೀಸೆ ಮೂಡುವ ಮೊದಲೇ ಸ್ಟೀರಿಂಗು ಹಿಡಿಯುತ್ತಾರೆಂಬುದು, ಒಪ್ಪತಕ್ಕ ಮಾತಲ್ಲದಿದ್ದರೂ, ಊರೆಲ್ಲ ಬಲ್ಲ ಮಾತು.

ಹೊರೆ ಇಳಿಸುವಾಗಿನ ಎಚ್ಚರವನ್ನು ಮರೆಯುವವರೇ ಬಹಳ. ಎರಡು ಗಾಲಿಯ ಟ್ರೇಲರಿನ ಮುಂಭಾಗವನ್ನು ಮೊದಲು ಬರಿದು ಮಾಡಿದರೆ, ಸರಿಯಾಗಿ ಹೇರಿದ್ದ ಬಂಡಿಯೂ ನಿಂತಲ್ಲಿಯೇ ಹಿಂಭಾರವಾಗುತ್ತದೆ. ಆಗ ಕೊಂಡಿಯ ಪಿನ್ನನ್ನು ಕಿತ್ತರೆ ಮುಂತುದಿಯು ಬಿಟ್ಟ ಬಿಲ್ಲಿನಂತೆ ಮೇಲಕ್ಕೆ ಚಿಮ್ಮಿ, ಬಾಗಿ ನಿಂತವನ ಗದ್ದಕ್ಕೆ ಬಡಿಯುತ್ತದೆ. ಹಿಂದಿನಿಂದ ಇಳಿಸುತ್ತ ಬರಬೇಕು. ಹೊರೆ ಇರುವಷ್ಟು ಹೊತ್ತು ಟ್ರೇಲರು ಟ್ರ್ಯಾಕ್ಟರಿಗೆ ಕಟ್ಟಿಕೊಂಡೇ ಇರಬೇಕು. ಬಿಚ್ಚುವ ಮುನ್ನ ಗಾಲಿಗಳಿಗೆ ಕಲ್ಲು ಕೊಟ್ಟು, ಮೂಕಿಗೆ ಊರುಗಾಲು ಆನಿಸಿರಬೇಕು.