ಹೊಟ್ಟೆ ಕೆಟ್ಟ ಕೂಡಲೇ ಮಾತ್ರೆ ಬೇಡಮ್ಮ

ಎರಡು ಸಲ ಭೇದಿಯಾದರೆ ಸಾಕು, ಮೆಡಿಕಲ್ ಶಾಪಿಗೆ ಹೋಗಿ ನೀನೇ ಆಂಟಿಬಯೋಟಿಕ್ ಕೇಳಿ ತಂದು ನುಂಗುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಬೈಯುವುದಕ್ಕೆ ಬರೆಯುತ್ತಿಲ್ಲ ಪುಟ್ಟಿ. ಕರುಳೊಳಗೆ ನಡೆಯುವುದು ಗೊತ್ತಾದರೆ ನೀನೇ ಕೈ ತಡೆಯುತ್ತೀಯ.

ನಮಗೆ ಜೀರ್ಣವಾಗದ ನಾರು ದೊಡ್ಡ ಕರುಳಿಗಿಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಮುಖ್ಯವಾಗಿ ಮೂರು ಆಮ್ಲ ಮಾಡುತ್ತವೆ: ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್. ಮೊದಲನೆಯದು ವಿನೆಗರಿನ ಹುಳಿ. ಕೊನೆಯದರ ವಾಸನೆ ನಿನಗೆ ಗೊತ್ತು, ಬೆಣ್ಣೆ ಹಳಸಿ ಕಮಟು ಬರುತ್ತದಲ್ಲ, ಅದೇ.

ಈಗ ಭೇದಿ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನೋಡು. ಅದು ಕರುಳಿನ ಕೋಶಕ್ಕೆ ಸೂಜಿಯಂಥ ನಳಿಕೆ ಚುಚ್ಚಿ ತನ್ನ ಪ್ರೊಟೀನುಗಳನ್ನು ಒಳಕ್ಕೆ ತಳ್ಳುತ್ತದೆ. ಆಮೇಲೆ ಕೋಶವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಆ ಸೂಜಿಯನ್ನು ಎಲ್ಲಿ ಕಟ್ಟಬೇಕೆಂಬ ಸುಳಿವು ಸಿಗುವುದು ಈ ಆಮ್ಲಗಳಿಂದಲೂ. ಸಣ್ಣ ಕರುಳಿನ ತುದಿಯಲ್ಲಿ ಅಸಿಟೇಟ್ ಸಿಕ್ಕಿತೋ, ಸೂಜಿಯ ಜೀನುಗಳು ಎಚ್ಚೆತ್ತುಕೊಳ್ಳುತ್ತವೆ. ದೊಡ್ಡ ಕರುಳಿನಲ್ಲಿ ಪ್ರೊಪಿಯೋನೇಟ್, ಬ್ಯುಟಿರೇಟ್ ತುಂಬಿದ್ದರೆ ಅವೇ ಜೀನುಗಳು ಅಡಗಿ ಕೂರುತ್ತವೆ.

ನೀನು ನುಂಗುವ ಮಾತ್ರೆ ಈ ಆಮ್ಲ ಮಾಡುವವರನ್ನೂ ಕೊಲ್ಲುತ್ತದೆ. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳಿಗೆ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟಾಗ ಬ್ಯುಟಿರೇಟ್ ಮಾಡುವ ಕ್ಲಾಸ್ಟ್ರಿಡಿಯಾ ಬ್ಯಾಕ್ಟೀರಿಯಾಗಳ ಗುಂಪು ಕುಗ್ಗಿ ಬ್ಯುಟಿರೇಟ್ ಇಳಿಯಿತು. ಕರುಳ ಗೋಡೆಯ ಕೋಶಗಳು ಬ್ಯುಟಿರೇಟನ್ನು ಉರಿಸುವುದಕ್ಕೇ ಆಮ್ಲಜನಕ ಖರ್ಚು ಮಾಡುತ್ತವೆ. ಉರಿಸಲು ಅದೇ ಇಲ್ಲದಾಗ ಆಮ್ಲಜನಕ ಕರುಳೊಳಕ್ಕೆ ಸೋರಿತು, ಸಾಲ್ಮೊನೆಲ್ಲಾ ಅದನ್ನೇ ಉಸಿರಾಡಿ ಕೊಬ್ಬಿತು. ಈ ಮಾತು ನನ್ನನ್ನು ಇವತ್ತಿಗೂ ಕಳವಳಗೊಳಿಸುತ್ತದೆ.

ಹಾಗಂತ ಬ್ಯುಟಿರೇಟ್ ಕ್ಯಾಪ್ಸೂಲ್ ಹುಡುಕಿಕೊಂಡು ಹೋಗಬೇಡ. ಶಿಗಾ ಎಂಬ ವಿಷ ಉಗುಳುವ ಇ. ಕೋಲೈ ಓ157 ಬ್ಯಾಕ್ಟೀರಿಯಾ ಇದೆಯಲ್ಲ, ಅದಕ್ಕೆ ಬ್ಯುಟಿರೇಟ್ ಸಿಕ್ಕರೆ ಕರುಳಿಗೆ ಅಂಟಿಕೊಳ್ಳುವ ಜೀನುಗಳು ಜೋರಾಗುತ್ತವೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಆ ಸೋಂಕಿನಲ್ಲಿ ಆಂಟಿಬಯೋಟಿಕ್ ಕೊಡಲು ವೈದ್ಯರೂ ಹಿಂಜರಿಯುತ್ತಾರೆ, ಮೂತ್ರಪಿಂಡಕ್ಕೆ ಅಪಾಯ ಹೆಚ್ಚಬಹುದೆಂದು. ಯಾವ ಕ್ರಿಮಿ ಎಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ತಿಳಿಯುವುದು ಹೇಗೆ, ಹೇಳು?

ಮೊದಲು ಓಆರ್‌ಎಸ್ ಕುಡಿ. ಜೀರ್ಣವಾಗದ ಪಿಷ್ಟವನ್ನು ಓಆರ್‌ಎಸ್‌ಗೆ ಬೆರೆಸಿ ಕಾಲರಾ ರೋಗಿಗಳಿಗೆ ಕೊಟ್ಟರೆ ಭೇದಿ ತಗ್ಗಿ ಬೇಗ ನಿಲ್ಲುತ್ತದೆಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 2000ರಲ್ಲೇ ತೋರಿಸಿದ್ದಾರೆ. ಆ ಪಿಷ್ಟದಿಂದಾದ ಆಮ್ಲಗಳು ದೊಡ್ಡ ಕರುಳು ಉಪ್ಪು ನೀರು ಹೀರುವಂತೆ ಮಾಡುತ್ತವೆ. ಮೈ ಸರಿಯಿದ್ದ ದಿನಗಳಲ್ಲಿ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳಿಗೆ ನಾರು ಸಿಗುವಂತೆ ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪು, ಬಾಳೆಕಾಯಿ ಪಲ್ಯ ಬಿಡಬೇಡ. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ತಲೆ ಸುತ್ತಿದರೆ ಅದೇ ದಿನ ಡಾಕ್ಟರಿಗೆ ತೋರಿಸು. ಅವರು ಆಂಟಿಬಯೋಟಿಕ್ ಬರೆದುಕೊಟ್ಟರೆ ಹೇಳಿದಷ್ಟು ದಿನ ತಪ್ಪದೆ ತಗೋ.