ಗುತ್ತಿಗೆಯ ಕೆಲಸಗಾರ ಯಾರ ಆಳು?
ಅಮೆರಿಕದ ಒಂದು ಕಾನೂನಿನಿಂದ ಕಲಿಯತಕ್ಕ ಪಾಠ



ಕಬ್ಬಿನ ಕಟಾವಿನ ಕಾಲವನ್ನು ನೆನೆದುಕೊಳ್ಳಿ. ಯಾವ ದಿನ, ಯಾರ ಹೊಲದಲ್ಲಿ ಕಡಿಯಬೇಕೆಂದು ಹೇಳುವುದು ಸಕ್ಕರೆ ಕಾರ್ಖಾನೆ. ಆಳುಗಳನ್ನು ಕರೆತಂದು ಕೂಲಿ ಹಂಚುವವನು ಮೇಸ್ತ್ರಿ. ನಾಳೆ ಕಾರ್ಖಾನೆ ಮುಚ್ಚಿದರೆ ಈ ಆಳುಗಳು ಯಾರವರು? ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಇಂಥದೇ ಪ್ರಶ್ನೆ ಅಮೆರಿಕದಲ್ಲಿ ಬಹುಕಾಲ ನಡೆಯಿತು. ಅದನ್ನು ತಿಳಿದರೆ ನಮಗೂ ಪ್ರಯೋಜನವುಂಟು.

ಕಾನೂನು ಹುಟ್ಟಿದ ಬಗೆ

ಹೊರದೇಶದ ಸರಕು ಅಗ್ಗವಾಗಿ ಬಂದಾಗ ಕೊಳ್ಳುವವನಿಗೆ ಲಾಭ. ಅದೇ ಸರಕನ್ನು ಮಾಡುವ ಕಾರ್ಖಾನೆಯ ಕೆಲಸಗಾರನಿಗೆ ನಷ್ಟ. ದೇಶಕ್ಕೆಲ್ಲ ಲಾಭವಾಗುವಾಗ ನಷ್ಟವನ್ನು ಅವನೊಬ್ಬನೇ ಹೊರಬಾರದೆಂದು ಅಮೆರಿಕ ಸರ್ಕಾರ 1962ರಲ್ಲಿ 'ವ್ಯಾಪಾರ ಹೊಂದಾಣಿಕೆ ನೆರವು' ಎಂಬ ಏರ್ಪಾಡು ಮಾಡಿತು. ಆದರೆ ನಿಯಮಗಳು ಎಷ್ಟು ಬಿಗಿಯಾಗಿದ್ದುವೆಂದರೆ, 1969ರವರೆಗೆ ಕೆಲಸಗಾರರ ಒಂದು ಅರ್ಜಿಯೂ ಮಂಜೂರಾಗಲಿಲ್ಲ. 1974ರ ಕಾನೂನು ಅವನ್ನು ಸಡಿಲಿಸಿತು. ಅರ್ಜಿ ಮಂಜೂರಾದವರಿಗೆ ಹೊಸ ಕಸುಬಿನ ತರಬೇತಿ, ತರಬೇತಿಯ ಕಾಲದಲ್ಲಿ ವಾರದ ಭತ್ಯ, ಬೇರೆ ಊರಲ್ಲಿ ಕೆಲಸ ಹುಡುಕಲು ಖರ್ಚು ದೊರೆಯುತ್ತಿದ್ದವು. 2002ರ ಕಾನೂನು, ಆಮದಿನಿಂದ ಬೆಲೆ ಕುಸಿದ ಬೆಳೆಗಳ ರೈತರಿಗೂ ಬೇರೊಂದು ನೆರವನ್ನು ಏರ್ಪಡಿಸಿತು.

ಸೇವೆಯ ಕೆಲಸದ ತೊಡಕು

ಕಾನೂನು ಹೇಳಿದ್ದು 'ಸರಕು' ತಯಾರಿಸುವವರ ವಿಚಾರ. ಬಟ್ಟೆ, ಉಕ್ಕು ಸರಕು ಸರಿ. ಆದರೆ ಲೆಕ್ಕ ಬರೆಯುವುದು, ದೂರವಾಣಿಯಲ್ಲಿ ಗಿರಾಕಿಗಳಿಗೆ ಉತ್ತರ ಹೇಳುವುದು, ಕಂಪ್ಯೂಟರಿನ ತಂತ್ರಾಂಶ ಬರೆಯುವುದು? ಇಂಥ ಕೆಲಸಗಳು ಸಮುದ್ರ ದಾಟಿ ಹೋದಾಗ, ಅದರಲ್ಲಿ ಒಂದು ಪಾಲು ನಮ್ಮ ಬೆಂಗಳೂರಿಗೇ ಬಂದಾಗ, ಅಲ್ಲಿನವರ ಅರ್ಜಿಗಳು ತಿರಸ್ಕೃತವಾದವು. ಅವರು ನ್ಯಾಯಾಲಯಕ್ಕೆ ಹೋದರು. ಕೈಗೆ ಸಿಗದ ತಂತ್ರಾಂಶವೂ ಸರಕೇ ಎಂಬ ಮಾತು 2006ರಲ್ಲಿ ನಿಂತಿತು. 2009ರ ಕಾನೂನು ಸೇವೆಯ ಕೆಲಸಗಾರರನ್ನು ನೇರವಾಗಿ ಸೇರಿಸಿಕೊಂಡಿತು.

ಗುತ್ತಿಗೆಯವರ ಗತಿ

ಇನ್ನೊಂದು ತೊಡಕು ಉಳಿಯಿತು. ಒಂದೇ ಕೊಠಡಿಯಲ್ಲಿ ಅಕ್ಕಪಕ್ಕ ಕುಳಿತು ದುಡಿದ ಇಬ್ಬರಲ್ಲಿ ಒಬ್ಬನಿಗೆ ಸಂಬಳ ಕಂಪನಿಯಿಂದ, ಮತ್ತೊಬ್ಬನಿಗೆ ಗುತ್ತಿಗೆ ಸಂಸ್ಥೆಯಿಂದ. ಇಬ್ಬರ ಕೆಲಸವೂ ಒಂದೇ ದಿನ ಹೋಯಿತು. ನೆರವು ಒಬ್ಬನಿಗೇ ಸಾಕೇ?

ಅಲ್ಲಿನ ಕಾರ್ಮಿಕ ಇಲಾಖೆ ನೋಡಿದ್ದು ಸಂಬಳದ ಚೀಟಿಯೊಂದನ್ನೇ ಅಲ್ಲ, ಹಿಡಿತ ಯಾರದೆಂಬುದನ್ನು. 2020ರ ನಿಯಮಗಳಲ್ಲಿ ಇದು ವಿವರವಾಗಿ ಬಂತು. ಕೇಳುತ್ತಿದ್ದ ಮುಖ್ಯ ಪ್ರಶ್ನೆಗಳು ಇವು:

1. ಕೆಲಸ ನಡೆದದ್ದು ಕಂಪನಿಯ ಸ್ಥಳದಲ್ಲೇ, ಹೊರಗೆಯೇ?
2. ದಿನದಿನದ ಕೆಲಸ ಹಂಚಿ ಮೇಲ್ವಿಚಾರಣೆ ಮಾಡಿದವರು ಯಾರು?
3. ಸೇರಿಸಿಕೊಳ್ಳುವ, ತೆಗೆದುಹಾಕುವ, ಶಿಸ್ತು ಕ್ರಮ ಕೈಗೊಳ್ಳುವ ಅಧಿಕಾರದಲ್ಲಿ ಕಂಪನಿಯ ಪಾಲೆಷ್ಟು?
4. ಸಂಬಳದ ದರ ಗೊತ್ತುಮಾಡುವುದರಲ್ಲಿ ಕಂಪನಿಯ ಕೈ ಇತ್ತೇ?

ಹಿಡಿತ ಕಂಪನಿಯದೆಂದು ಕಂಡುಬಂದರೆ ಗುತ್ತಿಗೆಯವನೂ ಆ ಗುಂಪಿಗೆ ಸೇರುತ್ತಿದ್ದ. ಅರ್ಜಿ ಹಾಕಲು ಕೆಲವೇ ಕೆಲಸಗಾರರು ಕೂಡಿದರೆ ಸಾಕಿತ್ತು. ಆದರೆ ಕೆಲಸ ಹೋದ ಒಂದು ವರ್ಷದೊಳಗೆ ಹಾಕಬೇಕಾಗಿತ್ತು. ತಡವಾದರೆ ಹಕ್ಕು ಹೋಗುತ್ತಿತ್ತು.

ಈ ಬಾಗಿಲು ಯಾವಾಗಲೂ ತೆರೆದಿರಲಿಲ್ಲ. ಕೆರೆಯ ತೂಬಿನಂತೆ ಅವಧಿ ಮುಗಿದಾಗ ಮುಚ್ಚಿ, ಹೊಸ ಕಾನೂನು ಬಂದಾಗ ತೆರೆಯುತ್ತಿತ್ತು. 2021ರ ಜುಲೈ 1ರಿಂದ ಸೇವೆಯ ಕೆಲಸಗಾರರು ಮತ್ತೆ ಹೊರಗುಳಿದರು. 2022ರ ಜುಲೈ 1ರಿಂದ ಹೊಸ ಗುಂಪುಗಳಿಗೆ ಮಂಜೂರಾತಿಯೇ ನಿಂತಿತು. ಅದಕ್ಕೆ ಮುಂಚೆ ಮಂಜೂರಾದವರಿಗೆ ಮಾತ್ರ ನೆರವು ಮುಂದುವರಿಯಿತು.

ನಮಗೆ ಇದರಿಂದೇನು?

ನಿಮ್ಮ ಮನೆಯ ಮಗನೋ ಮಗಳೋ ಪಟ್ಟಣದಲ್ಲಿ ಗುತ್ತಿಗೆಯ ಕೆಲಸಕ್ಕೆ ಹೋಗಿರಬಹುದು. ನಮ್ಮ ದೇಶದಲ್ಲಿ ಮೇಲೆ ಹೇಳಿದಂಥ ನೆರವಿನ ಕಾನೂನಿಲ್ಲ. ಆದರೆ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡತಕ್ಕದ್ದೆಂಬ ವಿಧಿ ನಮ್ಮಲ್ಲೂ ಉಂಟು. ಹಕ್ಕು ಇದ್ದರೂ ರುಜುವಾತು ಬೇಕು. ಆದುದರಿಂದ ಮಕ್ಕಳಿಗೆ ಇಷ್ಟನ್ನು ಹೇಳಿರಿ:

• ನೇಮಕದ ಪತ್ರ, ಸಂಬಳದ ಚೀಟಿ, ಗುರುತಿನ ಚೀಟಿಯ ಪ್ರತಿ ಮನೆಯಲ್ಲಿರಲಿ.
• ಭವಿಷ್ಯನಿಧಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಹಣ ಜಮೆಯಾಗುತ್ತಿದೆಯೇ ಎಂದು ಆಗಾಗ್ಗೆ ನೋಡಲಿ.
• ದಿನವೂ ಕೆಲಸ ಹೇಳುವವರು ಯಾರು, ಎಲ್ಲಿ ದುಡಿದದ್ದು ಎಂಬುದನ್ನು ತಾರೀಖಿನೊಡನೆ ಗುರುತುಹಾಕಲಿ.
• ತೊಂದರೆಯಾದರೆ ಒಬ್ಬರೇ ಅಲೆಯದೆ ಜೊತೆಗಾರರೊಡನೆ ಕೂಡಿ, ಕಾಲ ಕಳೆಯದೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲಿ.

ಹೊಲದ ಪಹಣಿಯನ್ನು ಜೋಪಾನ ಮಾಡುವ ನಾವು, ದುಡಿಮೆಯ ಕಾಗದವನ್ನೂ ಹಾಗೆಯೇ ಜೋಪಾನ ಮಾಡೋಣ.

ಚರ್ಚೆಗೆ ಪ್ರಶ್ನೆಗಳು

1. ನಮ್ಮೂರಿನಿಂದ ಗುತ್ತಿಗೆಯ ಕೆಲಸಕ್ಕೆ ಹೋದವರು ಎಷ್ಟು ಮಂದಿ? ಅವರಲ್ಲಿ ನೇಮಕದ ಪತ್ರ ಇರುವವರು ಎಷ್ಟು?
2. ಕಬ್ಬು ಕಡಿಯುವವರಿಗೆ ಮೇಲಿನ ನಾಲ್ಕು ಪ್ರಶ್ನೆಗಳನ್ನು ಹಾಕಿ ನೋಡಿದರೆ, ಹಿಡಿತ ಯಾರದೆಂದು ಕಂಡುಬರುತ್ತದೆ?